ಅಪರಾಧಕ್ಕಿಂತ ಮುಚ್ಚಿಟ್ಟದ್ದೇ ಮುಳುವು: ಸರ್ಕಾರಿ ನೌಕರಿ ಮತ್ತು ಪೂರ್ವಾಪರ ಪರಿಶೀಲನೆ

ಲಿಖಿತ ಪರೀಕ್ಷೆ ಮುಗಿದು, ದೈಹಿಕ ಪರೀಕ್ಷೆಯೋ ಸಂದರ್ಶನವೋ ಕಳೆದು, ಆಯ್ಕೆ ಪಟ್ಟಿಯಲ್ಲಿ ಹೆಸರು ಕಾಣಿಸಿಕೊಂಡ ಮೇಲೂ ಸರ್ಕಾರಿ ಹುದ್ದೆಯ ಅಭ್ಯರ್ಥಿಗೆ ಇನ್ನೊಂದು ಹೊಸ್ತಿಲು ದಾಟುವುದು ಬಾಕಿ ಇರುತ್ತದೆ. ಅದೇ ನಡತೆ ಮತ್ತು ಪೂರ್ವಾಪರಗಳ ಪರಿಶೀಲನೆ. ಜನರ ಬಾಯಲ್ಲಿ ಅದು ‘ಪೊಲೀಸ್ ವೆರಿಫಿಕೇಶನ್’. ಪೊಲೀಸ್ ಪೇದೆಯಿಂದ ಹಿಡಿದು ಕೇಂದ್ರೀಯ ವಿದ್ಯಾಲಯದ ಶಿಕ್ಷಕರವರೆಗೆ, ಬೆಂಗಳೂರಿನ ರಕ್ಷಣಾ ಹಾಗೂ ಬಾಹ್ಯಾಕಾಶ ಸಂಸ್ಥೆಗಳ ತಂತ್ರಜ್ಞರವರೆಗೆ ಯಾರಿಗೂ ಇದರಿಂದ ವಿನಾಯಿತಿ ಇಲ್ಲ. ಅಭ್ಯರ್ಥಿಗಳ ಪೈಕಿ ಅನೇಕರು ಇದನ್ನು ಕೇವಲ ಔಪಚಾರಿಕ ಕಾಗದಪತ್ರವೆಂದು ಭಾವಿಸುವುದುಂಟು. ಆದರೆ ಕಾಲೇಜು ದಿನಗಳ ಒಂದು ಹೊಡೆದಾಟ, ಪ್ರತಿಭಟನೆಯಲ್ಲಿ ಆದ ಒಂದು ಬಂಧನ, ಹಬ್ಬದ ರಾತ್ರಿ ಅಂದರ್ ಬಾಹರ್ ಆಡಿ ಕಟ್ಟಿದ ಒಂದು ದಂಡ, ಇವೆಲ್ಲವೂ ತಲೆ ಎತ್ತುವುದು ಇದೇ ಹಂತದಲ್ಲಿ.

ಕೇಂದ್ರ ಸರ್ಕಾರದ ಹುದ್ದೆಗಳಿಗೆ ಆಯ್ಕೆಯಾದವರು ತುಂಬಬೇಕಾದ ‘ಅಟೆಸ್ಟೇಷನ್ ಫಾರಂ’ ಈ ಪರಿಶೀಲನೆಯ ಮೂಲ ದಾಖಲೆ. ಹಿಂದಿನ ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಾಸಿಸಿದ ಊರುಗಳು, ಓದಿದ ಶಾಲೆ ಕಾಲೇಜುಗಳು, ಹಿಂದಿನ ಉದ್ಯೋಗ, ಪರಿಚಯ ಹೇಳಬಲ್ಲ ಇಬ್ಬರು ಜವಾಬ್ದಾರಿಯುತ ವ್ಯಕ್ತಿಗಳ ವಿಳಾಸ ಇತ್ಯಾದಿಗಳ ಜೊತೆಗೆ ಬರುವ ಇನ್ನೊಂದು ಅಂಕಣವೇ ಎಲ್ಲಕ್ಕಿಂತ ಮುಖ್ಯವಾದುದು. ಅಭ್ಯರ್ಥಿಯನ್ನು ಎಂದಾದರೂ ಬಂಧಿಸಲಾಗಿತ್ತೇ, ಆತನ ಮೇಲೆ ಮೊಕದ್ದಮೆ ನಡೆದಿತ್ತೇ, ಆತ ಮುಚ್ಚಳಿಕೆ ಬರೆದುಕೊಟ್ಟಿದ್ದನೇ, ನ್ಯಾಯಾಲಯ ದಂಡ ಅಥವಾ ಶಿಕ್ಷೆ ವಿಧಿಸಿತ್ತೇ, ಲೋಕಸೇವಾ ಆಯೋಗವಾಗಲೀ ವಿಶ್ವವಿದ್ಯಾಲಯವಾಗಲೀ ಪರೀಕ್ಷೆಯಿಂದ ಡಿಬಾರ್ ಮಾಡಿತ್ತೇ, ಫಾರಂ ತುಂಬುವ ದಿನ ಯಾವುದಾದರೂ ಪ್ರಕರಣ ಬಾಕಿ ಇದೆಯೇ ಎಂದು ಅಲ್ಲಿ ಒಂದೊಂದಾಗಿ ಕೇಳಲಾಗುತ್ತದೆ. ಉತ್ತರ ‘ಹೌದು’ ಅಥವಾ ‘ಇಲ್ಲ’. ‘ಹೌದು’ ಎಂದಾದರೆ ಪೂರ್ಣ ವಿವರ.

ಫಾರಂನ ನೆತ್ತಿಯ ಮೇಲೆಯೇ ಎಚ್ಚರಿಕೆಯೂ ಇದೆ. ಸುಳ್ಳು ಮಾಹಿತಿ ನೀಡುವುದು ಅಥವಾ ವಾಸ್ತವಾಂಶ ಮುಚ್ಚಿಡುವುದು ತನ್ನಷ್ಟಕ್ಕೇ ಅನರ್ಹತೆ ಎನಿಸುತ್ತದೆ. ಫಾರಂ ಸಲ್ಲಿಸಿದ ನಂತರ ಬಂಧನ ಅಥವಾ ಶಿಕ್ಷೆಯಾದರೆ ಅದನ್ನೂ ಕೂಡಲೇ ತಿಳಿಸಬೇಕು, ಇಲ್ಲವಾದರೆ ಅದೂ ಮುಚ್ಚಿಟ್ಟಂತೆಯೇ. ಸೇವೆಯ ಯಾವುದೇ ಹಂತದಲ್ಲಿ ಸತ್ಯ ಹೊರಬಿದ್ದರೂ ನೌಕರಿ ಹೋಗಬಹುದು. ಹೀಗೆ ಪರಿಶೀಲನೆ ಎರಡು ಪ್ರಶ್ನೆಗಳನ್ನು ಕೇಳುತ್ತದೆ: ಅಭ್ಯರ್ಥಿ ಹಿಂದೆ ಏನು ಮಾಡಿದ್ದ, ಮತ್ತು ಈಗ ಅದರ ಬಗ್ಗೆ ಏನು ಹೇಳಿದ. ಕಳೆದ ಮೂರು ದಶಕಗಳ ತೀರ್ಪುಗಳನ್ನು ನೋಡಿದರೆ ಸಣ್ಣಪುಟ್ಟ ಪ್ರಕರಣಗಳಲ್ಲಿ ನೌಕರಿ ಕಳೆದುಕೊಂಡವರನ್ನು ಹೆಚ್ಚಾಗಿ ಬೀಳಿಸಿರುವುದು ಎರಡನೆಯ ಪ್ರಶ್ನೆಯೇ.

‘ಕೇಸು ಮುಗಿದಿದೆಯಲ್ಲ’ ಎಂಬ ತಪ್ಪು ಗ್ರಹಿಕೆ

ನಮ್ಮಲ್ಲಿ ಸಾಮಾನ್ಯವಾದ ತಿಳಿವಳಿಕೆಯೊಂದಿದೆ. ಪೊಲೀಸರು ಬಿ ರಿಪೋರ್ಟ್ ಹಾಕಿದ್ದಾರೆ, ಲೋಕ ಅದಾಲತ್‌ನಲ್ಲಿ ರಾಜಿಯಾಗಿದೆ, ಹೈಕೋರ್ಟ್ ಎಫ್‌ಐಆರ್ ರದ್ದು ಮಾಡಿದೆ, ಅಥವಾ ಸರ್ಕಾರವೇ ಪ್ರಕರಣ ಹಿಂಪಡೆದಿದೆ. ಹೀಗಾಗಿ ಬರೆಯಲು ಏನೂ ಉಳಿದಿಲ್ಲ ಎಂಬುದು. ಕರ್ನಾಟಕದಲ್ಲಿ ರೈತ ಹೋರಾಟಗಾರರು ಹಾಗೂ ಕನ್ನಡಪರ ಹೋರಾಟಗಾರರ ಮೇಲಿನ ಮೊಕದ್ದಮೆಗಳನ್ನು ಹಿಂಪಡೆಯುವ ನಿರ್ಧಾರಗಳು ಬೇರೆ ಬೇರೆ ಸರ್ಕಾರಗಳ ಕಾಲದಲ್ಲಿ ಆಗಿವೆ. ಪ್ರಾಸಿಕ್ಯೂಟರರು ನ್ಯಾಯಾಲಯದ ಒಪ್ಪಿಗೆ ಪಡೆದು ಪ್ರಕರಣದಿಂದ ಹಿಂದೆ ಸರಿಯಲು ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಂ ಅವಕಾಶ ನೀಡಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 360ನೇ ಕಲಂ. ಆದರೆ ಫಾರಂ ಕೇಳುವುದು ‘ಈಗ ಪ್ರಕರಣ ಇದೆಯೇ’ ಎಂದಷ್ಟೇ ಅಲ್ಲ, ‘ಎಂದಾದರೂ ಬಂಧನವಾಗಿತ್ತೇ’ ಎಂದೂ ಹೌದು. ಪ್ರಕರಣ ಹಿಂಪಡೆದರೂ ಬಂಧನವಾದದ್ದು ಆಗಿಯೇ ಇರುತ್ತದೆ.

ಈ ಅಂಶವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಕೇಂದ್ರೀಯ ವಿದ್ಯಾಲಯದ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅವರ ಮೇಲೆ ಹಲ್ಲೆ, ಬೆದರಿಕೆ ಮುಂತಾದ ಆರೋಪಗಳ ಮೊಕದ್ದಮೆ ಬಾಕಿ ಇತ್ತು. ಫಾರಂನಲ್ಲಿ ಅವರು ‘ಇಲ್ಲ’ ಎಂದು ಬರೆದಿದ್ದರು. ತಾವು ಹಿಂದಿ ಮಾಧ್ಯಮದಲ್ಲಿ ಓದಿದವರು, ಇಂಗ್ಲಿಷ್ ಫಾರಂನ ಆ ಅಂಕಣಗಳು ಅರ್ಥವಾಗಲಿಲ್ಲ ಎಂಬುದು ಅವರ ಸಮರ್ಥನೆಯಾಗಿತ್ತು. ಉಳಿದ ಅಂಕಣಗಳನ್ನೆಲ್ಲ ಸರಿಯಾಗಿ ತುಂಬಿದ ಪದವೀಧರರಿಗೆ ಅವೆರಡು ಮಾತ್ರ ಅರ್ಥವಾಗಲಿಲ್ಲ ಎಂಬುದನ್ನು ನ್ಯಾಯಾಲಯ ಒಪ್ಪಲಿಲ್ಲ. ಮುಂದೆ ಪ್ರಕರಣ ಹಿಂಪಡೆಯಲಾಯಿತು ಎಂಬುದೂ ಅವರ ನೆರವಿಗೆ ಬರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಕೇಂದ್ರದ ಹುದ್ದೆಗೆ ಹೋಗುವವರಿಗೆ ಈ ತೀರ್ಪು ತಿಳಿದಿರುವುದು ಒಳ್ಳೆಯದು. ಅರ್ಥವಾಗದ ಪದವನ್ನು ಬಲ್ಲವರಲ್ಲಿ ಕೇಳಿ ತುಂಬುವುದಕ್ಕೆ ತಗಲುವುದು ಹೆಚ್ಚೆಂದರೆ ಅರ್ಧ ದಿನ.

ಹಾಗೆಯೇ ಖುಲಾಸೆಯೂ ಎಲ್ಲವನ್ನೂ ತೊಳೆಯುವುದಿಲ್ಲ. ದೆಹಲಿ ಪೊಲೀಸ್ ಇಲಾಖೆಯ ಪೇದೆ ಹುದ್ದೆಯ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ, ಪರಿಗಣಿಸಬೇಕಾದುದು ಅಭ್ಯರ್ಥಿಯ ನಡತೆಯೇ ಹೊರತು ಮೊಕದ್ದಮೆಯ ಅಂತಿಮ ಫಲಿತಾಂಶವಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತ್ತು. ಸಾಕ್ಷಿಗಳು ತಿರುಗಿಬಿದ್ದುದರಿಂದಲೋ, ರಾಜಿಯಿಂದಲೋ, ಸಂಶಯದ ಲಾಭದಿಂದಲೋ ದೊರೆತ ಬಿಡುಗಡೆಗೂ ಆರೋಪವೇ ನಿರಾಧಾರವೆಂದು ದೊರೆತ ಗೌರವಯುತ ದೋಷಮುಕ್ತಿಗೂ ಅಂತರವಿದೆ ಎಂಬ ವಾದ 2013ರ ತೀರ್ಪಿನಲ್ಲಿ ಇನ್ನಷ್ಟು ಗಟ್ಟಿಯಾಯಿತು. ಶಿಸ್ತಿನ ಪಡೆಗೆ ಸೇರುವವರ ನಡತೆ ಕಳಂಕರಹಿತವಾಗಿರಬೇಕು ಎಂಬುದು ಅದರ ತಾತ್ಪರ್ಯ.

ಇಪ್ಪತ್ತು ರೂಪಾಯಿ ದಂಡದ ಕಥೆ

ಎಂಥ ತಪ್ಪು ಅನರ್ಹತೆಗೆ ಕಾರಣವಾಗುತ್ತದೆ ಎಂಬುದಕ್ಕೆ ನೇಮಕಾತಿ ನಿಯಮಗಳು ಬಳಸುವ ಪದ ‘ನೈತಿಕ ಅಧಃಪತನ’. ಯಾವ ಕಾಯ್ದೆಯೂ ಇದಕ್ಕೆ ಸಮಗ್ರ ವ್ಯಾಖ್ಯಾನ ಕೊಟ್ಟಿಲ್ಲ. ಕಳವು, ವಂಚನೆ, ಲಂಚ, ಅತ್ಯಾಚಾರ ಇವು ಆ ಪಟ್ಟಿಯಲ್ಲಿ ಬರುವ ಬಗ್ಗೆ ವಿವಾದವಿಲ್ಲ. ಬೀದಿ ಜಗಳ, ಕೆಟ್ಟ ಮಾತು, ಜೂಜು ಇವುಗಳ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ.

1996ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಹರಿಯಾಣದ ಪ್ರಕರಣವೊಂದು ಈ ಗೊಂದಲಕ್ಕೆ ಕನ್ನಡಿ. ನೀರಾವರಿ ಇಲಾಖೆಯ ನಾಲ್ಕನೇ ದರ್ಜೆ ನೌಕರರೊಬ್ಬರ ಮೇಲೆ ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ವರ್ತನೆಗೆ ಸಂಬಂಧಿಸಿದ ಅಂದಿನ ದಂಡ ಸಂಹಿತೆಯ 294ನೇ ಕಲಂ ಅನ್ವಯ ಪ್ರಕರಣ ದಾಖಲಾಗಿತ್ತು. 1980ರಲ್ಲಿ ಸಂಕ್ಷಿಪ್ತ ವಿಚಾರಣೆಯಲ್ಲಿ ತಪ್ಪು ಒಪ್ಪಿಕೊಂಡು ಅವರು ಕಟ್ಟಿದ ದಂಡ 20 ರೂಪಾಯಿ. ಆ 20 ರೂಪಾಯಿಯೇ ನೌಕರಿಗೆ ಕುತ್ತಾಯಿತು. ಈ ಕಲಂ ಅಡಿಯ ಶಿಕ್ಷೆ ತನ್ನಷ್ಟಕ್ಕೇ ನೈತಿಕ ಅಧಃಪತನ ಎನಿಸುವುದಿಲ್ಲ ಎಂದು ನ್ಯಾಯಾಲಯ ಅವರ ಪರ ತೀರ್ಪಿತ್ತಿತು. ಅಷ್ಟಕ್ಕೇ ನಿಲ್ಲದೆ, ಸಂಕ್ಷಿಪ್ತ ವಿಚಾರಣೆಯಲ್ಲಿ 2,000 ರೂಪಾಯಿವರೆಗಿನ ದಂಡ ಕಟ್ಟಿದವರ ಸರ್ಕಾರಿ ಸೇವೆಗೆ ಅದರಿಂದ ಧಕ್ಕೆಯಾಗದಂತೆ ಸಂಸತ್ತು ಕಾನೂನು ರೂಪಿಸುವ ಬಗ್ಗೆ ಯೋಚಿಸಬೇಕೆಂದೂ ಸಲಹೆ ನೀಡಿತು.

ನ್ಯಾಯಾಲಯದ ಸಾಲಿನಲ್ಲಿ ನಿಂತು, ‘ತಪ್ಪಾಯ್ತು ಸ್ವಾಮಿ’ ಎಂದು ಒಪ್ಪಿಕೊಂಡು ದಂಡ ಕಟ್ಟಿ ಬರುವುದು ನಮ್ಮಲ್ಲೂ ಸಲೀಸಾದ ದಾರಿ. ವಕೀಲರ ಖರ್ಚು ಇಲ್ಲ, ಅಲೆದಾಟವಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ ಅನ್ವಯದ ಬಯಲು ಜೂಜಿನ ಪ್ರಕರಣವಾಗಲಿ, ಕುಡಿದು ವಾಹನ ಓಡಿಸಿದ ಪ್ರಕರಣವಾಗಲಿ ಹೀಗೆ ಬಗೆಹರಿಯುವುದೇ ಹೆಚ್ಚು. ಆದರೆ ತಪ್ಪೊಪ್ಪಿಕೊಂಡು ನ್ಯಾಯಾಲಯದಲ್ಲಿ ದಂಡ ಕಟ್ಟುವುದೆಂದರೆ ಕಾನೂನಿನ ಕಣ್ಣಲ್ಲಿ ಅಪರಾಧ ಸಾಬೀತಾಗಿ ಶಿಕ್ಷೆಯಾದಂತೆ. ಐದಾರು ವರ್ಷಗಳ ಬಳಿಕ ಫಾರಂ ತುಂಬುವಾಗ ಅದು ನೆನಪಿಗೆ ಬಾರದಿರಬಹುದು, ಠಾಣೆಯ ಕಡತಕ್ಕೆ ಮರೆವಿಲ್ಲ. 2009ರಲ್ಲಿ ಮಂಜೂರಾದ ಸಿಸಿಟಿಎನ್‌ಎಸ್ ಯೋಜನೆಯಡಿ ದೇಶದ ಪೊಲೀಸ್ ಠಾಣೆಗಳ ದಾಖಲೆಗಳನ್ನು ಕಂಪ್ಯೂಟರ್ ಜಾಲಕ್ಕೆ ಸೇರಿಸಿದ ಮೇಲಂತೂ ಬೇರೆ ಜಿಲ್ಲೆಯ, ಬೇರೆ ರಾಜ್ಯದ ಪ್ರಕರಣ ಸಿಕ್ಕಲಾರದು ಎಂಬ ಲೆಕ್ಕಾಚಾರಕ್ಕೆ ಅರ್ಥ ಉಳಿದಿಲ್ಲ. ಫಾರಂನಲ್ಲಿ ನೇರವಾಗಿ ಕೇಳದ ರೌಡಿ ಶೀಟ್‌ನಂತಹ ಸಂಗತಿಯೂ ಪೊಲೀಸ್ ವರದಿಯ ಮೂಲಕ ನೇಮಕಾತಿ ಪ್ರಾಧಿಕಾರದ ಮೇಜು ತಲುಪಬಹುದು.

ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ 1958ರ 12ನೇ ಕಲಂ ಬಗ್ಗೆಯೂ ಒಂದು ಮಾತು ಹೇಳಬೇಕು. ಜೈಲಿಗೆ ಕಳುಹಿಸದೆ ಸನ್ನಡತೆಯ ಆಧಾರದ ಮೇಲೆ ಬಿಟ್ಟವರಿಗೆ ಆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟದು ಎನ್ನುತ್ತದೆ ಅದು. ರಾಜಸ್ಥಾನದ ವಿದ್ಯುತ್ ಪ್ರಸರಣ ನಿಗಮದ ತಾಂತ್ರಿಕ ಸಹಾಯಕರೊಬ್ಬರು ಈ ರಕ್ಷಣೆಯನ್ನೇ ನೆಚ್ಚಿಕೊಂಡಿದ್ದರು. ಶಿಕ್ಷೆಯಾದ ಸಂಗತಿಯನ್ನು ಘೋಷಣಾ ಪತ್ರದಲ್ಲಿ ಅವರು ಬರೆದಿರಲಿಲ್ಲ. ಪ್ರಶ್ನೆ ಅಪರಾಧ ಸಣ್ಣದೋ ದೊಡ್ಡದೋ ಎಂಬುದಲ್ಲ, ಮೊದಲ ಹೆಜ್ಜೆಯಲ್ಲೇ ಸುಳ್ಳು ಹೇಳಿದ ನೌಕರನನ್ನು ನಂಬುವುದು ಹೇಗೆ ಎಂಬುದು ಎಂದು 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೌಕರಿಯಿಂದ ತೆಗೆದುದನ್ನು ಎತ್ತಿಹಿಡಿಯಿತು. ಸಮವಸ್ತ್ರದ ಹುದ್ದೆಗಳಿಗೆ ಮಾತ್ರ ಈ ಕಟ್ಟುನಿಟ್ಟು ಎಂಬ ಭಾವನೆಗೂ ಈ ತೀರ್ಪು ಉತ್ತರ.

ಕ್ಷಮೆಗೆ ಜಾಗ

ಹಾಗೆಂದು ನ್ಯಾಯಾಲಯಗಳು ಸದಾ ಕಠಿಣವಾಗಿಯೇ ಇದ್ದವು ಎನ್ನಲಾಗದು. ದೆಹಲಿ ಪೊಲೀಸ್ ಇಲಾಖೆಯ ಹೆಡ್ ಕಾನ್‌ಸ್ಟೇಬಲ್ ಹುದ್ದೆಗೆ 1999ರಲ್ಲಿ ಅರ್ಜಿ ಹಾಕಿದ ಯುವಕನೊಬ್ಬನ ಪ್ರಕರಣ ಇದಕ್ಕೆ ನಿದರ್ಶನ. ಸುಮಾರು 20ರ ವಯಸ್ಸಿನಲ್ಲಿ ನಡೆದ ಹೊಡೆದಾಟದ ಕೇಸು ರಾಜಿಯಲ್ಲಿ ಮುಗಿದಿತ್ತು. ಅರ್ಜಿಯಲ್ಲಿ ಆತ ಅದನ್ನು ಬರೆದಿರಲಿಲ್ಲ. ಆದರೆ 2001ರಲ್ಲಿ ಅಟೆಸ್ಟೇಷನ್ ಫಾರಂ ತುಂಬುವಾಗ ತಾನಾಗಿಯೇ ತಿಳಿಸಿದ. ಇಲಾಖೆ ಆಯ್ಕೆಯನ್ನು ರದ್ದುಪಡಿಸಿತು. 2011ರಲ್ಲಿ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರಿದ್ದ ಪೀಠ ಯುವಕನ ಪರ ನಿಂತಿತು. ಹರೆಯದಲ್ಲಿ ಮಾಡಿದ ಸಣ್ಣ ತಪ್ಪಿಗೆ ಜೀವಮಾನವಿಡೀ ಹಣೆಪಟ್ಟಿ ಹಚ್ಚಬಾರದು ಎಂಬುದು ಪೀಠದ ಧೋರಣೆ. ಒಂದು ರೊಟ್ಟಿ ಕದ್ದು ಬದುಕಿಡೀ ಕಳ್ಳನೆನಿಸಿಕೊಂಡ, ವಿಕ್ಟರ್ ಹ್ಯೂಗೋನ ಕಾದಂಬರಿಯ ಜೀನ್ ವಾಲ್ಜೀನ್ ಕೂಡ ಆ ತೀರ್ಪಿನಲ್ಲಿ ಉಲ್ಲೇಖಗೊಂಡಿದ್ದಾನೆ.

ಇಲ್ಲಿ ಅಮೆರಿಕದ ಪದ್ಧತಿಯನ್ನು ಹೋಲಿಸಿ ನೋಡಬಹುದು. ಅಲ್ಲಿ ರಹಸ್ಯ ದಾಖಲೆಗಳನ್ನು ನೋಡುವ ಹುದ್ದೆಗಳಿಗೆ ಬೇಕಾದ ಭದ್ರತಾ ಅನುಮೋದನೆಯನ್ನು 2017ರ ಜೂನ್‌ನಿಂದ ಜಾರಿಯಲ್ಲಿರುವ 13 ಮಾರ್ಗಸೂಚಿಗಳ ಮೇಲೆ ನಿರ್ಧರಿಸಲಾಗುತ್ತದೆ. ಸಾಲ, ಮದ್ಯ, ಮಾದಕ ವಸ್ತು, ವಿದೇಶಿ ನಂಟು ಇವುಗಳ ಜೊತೆಗೆ ‘ವೈಯಕ್ತಿಕ ನಡತೆ’ ಎಂಬುದೇ ಒಂದು ಪ್ರತ್ಯೇಕ ಶೀರ್ಷಿಕೆ. ಫಾರಂನಲ್ಲಿ ಉದ್ದೇಶಪೂರ್ವಕವಾಗಿ ಸುಳ್ಳು ಬರೆಯುವುದು ಅದರಲ್ಲಿ ಮೊದಲ ಆತಂಕ. ಆದರೆ ತನಿಖಾಧಿಕಾರಿ ಎದುರಿಗಿಟ್ಟು ಕೇಳುವ ಮೊದಲೇ ಅಭ್ಯರ್ಥಿ ಪ್ರಾಮಾಣಿಕವಾಗಿ ತಿದ್ದುಪಡಿ ಮಾಡಿಕೊಂಡರೆ ಅದನ್ನು ಆತನ ಪರವಾಗಿ ಪರಿಗಣಿಸಬಹುದು ಎಂಬುದೂ ಅಲ್ಲಿ ಬರಹದಲ್ಲೇ ಇದೆ. ಅಮೆರಿಕದ ಪೌರತ್ವ ಪಡೆದು ಅಲ್ಲಿನ ರಕ್ಷಣಾ ವಲಯದ ಕೆಲಸಕ್ಕೆ ಅರ್ಜಿ ಹಾಕುವ ಕನ್ನಡಿಗರಿಗೂ ಇದೇ ಅಳತೆಗೋಲು. ಭಾರತದಲ್ಲಿ ಇಂಥ ವಿನಾಯಿತಿಯ ರೇಖೆಗಳನ್ನು ಎಳೆದದ್ದು ಬಹುಮಟ್ಟಿಗೆ ನ್ಯಾಯಾಲಯ.

ಅವತಾರ್ ಸಿಂಗ್ ತೀರ್ಪು

ಒಂದು ಪೀಠ ಉದಾರವಾಗಿ, ಇನ್ನೊಂದು ಕಠಿಣವಾಗಿ ತೀರ್ಪು ನೀಡುತ್ತಾ ಬಂದ ಕಾರಣ ವಿಷಯ ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 2016ರ ಜುಲೈ 21ರಂದು ಹೊರಬಿದ್ದ ‘ಅವತಾರ್ ಸಿಂಗ್ ವಿರುದ್ಧ ಭಾರತ ಸರ್ಕಾರ’ ತೀರ್ಪು ಇಂದಿಗೂ ಈ ಕ್ಷೇತ್ರದ ಮುಖ್ಯ ಆಧಾರ.

ತೀರ್ಪಿನ ಸಾರವನ್ನು ಹೀಗೆ ಸಂಗ್ರಹಿಸಬಹುದು. ಅಭ್ಯರ್ಥಿ ನೀಡುವ ಮಾಹಿತಿ ಸತ್ಯವಾಗಿರಲೇಬೇಕು. ಹರೆಯದಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೆ, ಅದನ್ನು ಹೇಳಿದ್ದರೂ ಆತ ಅನರ್ಹನಾಗುತ್ತಿರಲಿಲ್ಲವೆಂದಾದರೆ, ಪ್ರಾಧಿಕಾರ ತನ್ನ ವಿವೇಚನೆಯಿಂದ ಮನ್ನಿಸಬಹುದು. ಕ್ಷುಲ್ಲಕವಲ್ಲದ ಅಪರಾಧಕ್ಕೆ ಶಿಕ್ಷೆಯಾಗಿದ್ದು ಅದನ್ನು ಮುಚ್ಚಿಟ್ಟಿದ್ದರೆ ನೇಮಕಾತಿ ರದ್ದುಪಡಿಸಬಹುದು. ಗಂಭೀರ ಆರೋಪದಲ್ಲಿ ತಾಂತ್ರಿಕ ಕಾರಣದಿಂದ ಅಥವಾ ಸಂಶಯದ ಲಾಭದಿಂದ ಖುಲಾಸೆಯಾಗಿದ್ದರೆ ಎಲ್ಲ ಸಂಗತಿಗಳನ್ನೂ ತೂಗಿ ನಿರ್ಧರಿಸಬೇಕು. ಒಂದಕ್ಕಿಂತ ಹೆಚ್ಚು ಬಾಕಿ ಪ್ರಕರಣಗಳನ್ನು ಬೇಕೆಂದೇ ಮುಚ್ಚಿಟ್ಟರೆ ಅದೊಂದೇ ಭಾರವಾದ ಕಾರಣ.

ಅಭ್ಯರ್ಥಿಯ ರಕ್ಷಣೆಗೆ ಬರುವ ಎರಡು ಅಂಶಗಳು ಅಷ್ಟಾಗಿ ಪ್ರಚಾರ ಪಡೆದಿಲ್ಲ. ಮೊದಲನೆಯದು, ಫಾರಂನ ಪ್ರಶ್ನೆ ನಿರ್ದಿಷ್ಟವಾಗಿರಬೇಕು. ಅಸ್ಪಷ್ಟ ಪ್ರಶ್ನೆಗೆ ಉತ್ತರಿಸಲಿಲ್ಲವೆಂದು, ಅಥವಾ ಕೇಳದ್ದನ್ನು ಹೇಳಲಿಲ್ಲವೆಂದು ಮುಚ್ಚಿಟ್ಟ ಆರೋಪ ಹೊರಿಸುವಂತಿಲ್ಲ. ಎರಡನೆಯದು, ಪ್ರಕರಣದ ಅರಿವು ಅಭ್ಯರ್ಥಿಗೆ ಇದ್ದಿರಬೇಕು. ಗುಂಪು ಘರ್ಷಣೆಯ ಎಫ್‌ಐಆರ್‌ಗಳಲ್ಲಿ ‘ಹಾಗೂ ಇತರರು’ ಎಂದಿದ್ದು, ಹೆಸರು ಬಹುಕಾಲದ ನಂತರ ದೋಷಾರೋಪ ಪಟ್ಟಿಯಲ್ಲಿ ಸೇರ್ಪಡೆಯಾಗುವುದನ್ನು ಬಲ್ಲವರಿಗೆ ಈ ಅಂಶದ ಬೆಲೆ ತಿಳಿದೀತು.

ಇನ್ನೊಂದು ಮಗ್ಗುಲೂ ಇದೆ. ಎಲ್ಲವನ್ನೂ ಸತ್ಯವಾಗಿ ಬರೆದ ಮಾತ್ರಕ್ಕೆ ನೌಕರಿ ಹಕ್ಕಾಗಿಬಿಡುವುದಿಲ್ಲ. ಅಪಹರಣ ಪ್ರಕರಣದಲ್ಲಿ ಸಾಕ್ಷಿ ತಿರುಗಿಬಿದ್ದು ಖುಲಾಸೆಯಾದ ಅಭ್ಯರ್ಥಿಯೊಬ್ಬ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಫಾರಂನಲ್ಲಿ ಎಲ್ಲವನ್ನೂ ನಮೂದಿಸಿದ್ದ. ಪರಿಶೀಲನಾ ಸಮಿತಿ ಆತನನ್ನು ಅನರ್ಹನೆಂದಿತು, 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಸತ್ಯ ಬರೆದವನಿಗೂ ಬಾಗಿಲು ಮುಚ್ಚಬಹುದಾದರೆ ಬರೆಯುವುದೇಕೆ ಎಂದು ಅಭ್ಯರ್ಥಿಗಳು ಕೇಳುವುದು ಸಹಜವೇ. ವ್ಯತ್ಯಾಸವೆಂದರೆ, ಸತ್ಯ ಬರೆದಾಗ ಪ್ರಾಧಿಕಾರ ಅಪರಾಧವನ್ನಷ್ಟೇ ತೂಗುತ್ತದೆ. ಮುಚ್ಚಿಟ್ಟಾಗ ತಕ್ಕಡಿಯಲ್ಲಿ ಸುಳ್ಳೂ ಸೇರುತ್ತದೆ. ಸಣ್ಣ ಪ್ರಕರಣಗಳಲ್ಲಿ ಆ ಸುಳ್ಳಿನ ತೂಕವೇ ಹೆಚ್ಚು.

ಅವತಾರ್ ಸಿಂಗ್ ತೀರ್ಪಿನ ನಂತರವೂ ಫಲಿತಾಂಶಗಳು ಏಕರೂಪವಾಗಿಲ್ಲ. 2022ರ ಮೇ ತಿಂಗಳಲ್ಲಿ ರೈಲ್ವೆ ರಕ್ಷಣಾ ಪಡೆಯ ಪೇದೆಯೊಬ್ಬರ ಪ್ರಕರಣದಲ್ಲಿ, ಮಾಹಿತಿ ಮುಚ್ಚಿಟ್ಟರೆಂಬ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ಮನೆಗೆ ಕಳುಹಿಸುವಂತಿಲ್ಲ ಎಂದ ಸುಪ್ರೀಂ ಕೋರ್ಟ್, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಿಆರ್‌ಪಿಎಫ್ ಪೇದೆಯೊಬ್ಬರನ್ನು ತೆಗೆದುಹಾಕಿದ್ದನ್ನು ಎತ್ತಿಹಿಡಿಯಿತು.

ಬಾಲಾಪರಾಧ ಮತ್ತು ರಾಜಕೀಯ ನಿಲುವು

ಹದಿನೆಂಟು ತುಂಬುವ ಮುನ್ನ ಮಾಡಿದ ತಪ್ಪಿನ ಲೆಕ್ಕವೇ ಬೇರೆ. ಬಾಲನ್ಯಾಯ ಕಾಯ್ದೆ 2015ರ 24ನೇ ಕಲಂ ಪ್ರಕಾರ ಅಂಥ ತೀರ್ಮಾನದಿಂದ ಮುಂದೆ ಯಾವುದೇ ಅನರ್ಹತೆ ಬರುವುದಿಲ್ಲ. ಹದಿನಾರು ದಾಟಿದವರನ್ನು ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಿಸಿ ತಪ್ಪಿತಸ್ಥರೆಂದು ಕಂಡರೆ ಮಾತ್ರ ಈ ರಕ್ಷಣೆ ಇಲ್ಲ. ಮುಗಿದುಹೋದ ಬಾಲಾಪರಾಧ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸಬಾರದೆಂದು 74ನೇ ಕಲಂ ನಿರ್ಬಂಧಿಸುತ್ತದೆ.

ದುರ್ನಡತೆಗೂ ಅಭಿಪ್ರಾಯಕ್ಕೂ ನಡುವಿನ ಗೆರೆಯನ್ನು ಎಳೆದದ್ದು 1983ರ ಮಧ್ಯಪ್ರದೇಶದ ಪ್ರಕರಣ. ಪುರಸಭೆ ಶಾಲೆ ಸರ್ಕಾರದ ವಶಕ್ಕೆ ಬಂದಾಗ ಸೇವೆಗೆ ಸೇರಿಸಿಕೊಂಡ ಶಿಕ್ಷಕರೊಬ್ಬರು ಆರ್‌ಎಸ್‌ಎಸ್ ಮತ್ತು ಜನಸಂಘದ ಚಟುವಟಿಕೆಗಳಲ್ಲಿ ಭಾಗವಹಿಸಿದ್ದರೆಂಬ ಪೊಲೀಸ್ ವರದಿಯ ಮೇಲೆ 1974ರಲ್ಲಿ ಕೆಲಸ ಕಳೆದುಕೊಂಡಿದ್ದರು. ಹಿಂದಿನ ರಾಜಕೀಯ ಒಲವನ್ನು ಅನರ್ಹತೆಯಾಗಿಸುವುದು ಸಂವಿಧಾನದ ಆಶಯಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ತೀರ್ಪು ಬರೆದ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮುಂದೆ ಕರ್ನಾಟಕದ ಮೂರನೇ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ ನಮ್ಮ ರಾಜ್ಯದ ಓದುಗರಿಗೂ ಪರಿಚಿತರಾದವರು.

ನೌಕರಿಗೆ ಸೇರಿದ ಮೇಲೆ

ವರದಿ ಬರುವುದು ತಡವಾಗಿ ಅಭ್ಯರ್ಥಿಗಳು ತಿಂಗಳುಗಟ್ಟಲೆ ಕಾಯಬೇಕಾಗುತ್ತಿದ್ದುದರಿಂದ, ಘೋಷಣಾ ಪತ್ರ ಪಡೆದು ತಾತ್ಕಾಲಿಕ ನೇಮಕಾತಿ ಆದೇಶ ನೀಡಿ, ಆನಂತರ ಪರಿಶೀಲನೆ ಪೂರ್ಣಗೊಳಿಸುವಂತೆ ಕೇಂದ್ರ ಸರ್ಕಾರ 2016ರಲ್ಲಿ ಸೂಚಿಸಿತು. ಇದರಿಂದ ಅನುಕೂಲವಾದದ್ದು ನಿಜ. ಆದರೆ ಕೆಲಸಕ್ಕೆ ಸೇರಿ, ಊರಲ್ಲಿ ಸಿಹಿ ಹಂಚಿ, ಬ್ಯಾಂಕ್ ಸಾಲವನ್ನೂ ಪಡೆದ ಮೇಲೆ ಪ್ರತಿಕೂಲ ವರದಿ ಬರುವ ಸಾಧ್ಯತೆಯೂ ಅಷ್ಟೇ ನಿಜ.

ಆಗ ಏನಾಗುತ್ತದೆ ಎಂಬುದು ನೌಕರನ ಸ್ಥಾನಮಾನವನ್ನು ಅವಲಂಬಿಸಿದೆ. ಪ್ರೊಬೇಷನ್‌ನಲ್ಲಿರುವ ಕೇಂದ್ರದ ತಾತ್ಕಾಲಿಕ ನೌಕರರನ್ನು 1965ರ ನಿಯಮಗಳ ಅನ್ವಯ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡುಗಡೆ ಮಾಡಬಹುದು. ಸೇವೆ ಕಾಯಂ ಆದವರ ವಿಷಯದಲ್ಲಿ ಇಲಾಖಾ ವಿಚಾರಣೆ ನಡೆಸದೆ ತೆಗೆಯುವಂತಿಲ್ಲ ಎಂದು ಅವತಾರ್ ಸಿಂಗ್ ತೀರ್ಪು ಹೇಳಿದೆ. ರಾಜ್ಯ ಸರ್ಕಾರಿ ನೌಕರರಿಗೆ ಆ ವಿಚಾರಣೆ ನಡೆಯುವುದು ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು 1957ರ ಅಡಿಯಲ್ಲಿ. ಆದೇಶವನ್ನು ಪ್ರಶ್ನಿಸಲು ರಾಜ್ಯ ನೌಕರರಿಗೆ ಬೆಂಗಳೂರು, ಬೆಳಗಾವಿ ಮತ್ತು ಕಲಬುರಗಿಯಲ್ಲಿ ಪೀಠಗಳಿರುವ ರಾಜ್ಯ ಆಡಳಿತ ನ್ಯಾಯಮಂಡಳಿ ಇದೆ, ಕೇಂದ್ರದ ಸಿವಿಲ್ ನೌಕರರಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠವಿದೆ. ಕೇಂದ್ರದ ಸಶಸ್ತ್ರ ಪಡೆಗಳವರು ಹೈಕೋರ್ಟ್ ಮೆಟ್ಟಿಲೇರಬೇಕು.

ಈ ದಾರಿ ಎಷ್ಟು ಉದ್ದವೆಂಬುದಕ್ಕೆ ಉತ್ತರ ಪ್ರದೇಶದ ಪೇದೆ ಹುದ್ದೆಯ ಅಭ್ಯರ್ಥಿಯೊಬ್ಬರ ಪ್ರಕರಣ ಸಾಕ್ಷಿ. 2004ರ ನೇಮಕಾತಿಯಲ್ಲಿ ಆಯ್ಕೆಯಾದ ಅವರು ಖುಲಾಸೆಯಾಗಿದ್ದ ಪ್ರಕರಣವನ್ನು ಪ್ರಮಾಣಪತ್ರದಲ್ಲಿ ನಮೂದಿಸಿರಲಿಲ್ಲವೆಂದು 2005ರಲ್ಲಿ ಆಯ್ಕೆ ರದ್ದಾಯಿತು. ನಡತೆ ಉತ್ತಮವೆಂದು ಪೊಲೀಸರೇ ವರದಿ ನೀಡಿದ್ದರು. ಪ್ರತಿಯೊಂದು ಲೋಪವನ್ನೂ ಒಂದೇ ಕುಂಚದಿಂದ ಬಳಿಯುವುದು ದೇಶದ ವಾಸ್ತವಗಳಿಗೆ ಕುರುಡಾದಂತೆ ಎಂದು ಸುಪ್ರೀಂ ಕೋರ್ಟ್ ಅವರನ್ನು ಸೇವೆಗೆ ತೆಗೆದುಕೊಳ್ಳುವಂತೆ ಆದೇಶಿಸಿದ್ದು 2024ರ ಫೆಬ್ರುವರಿಯಲ್ಲಿ. ಜ್ಯೇಷ್ಠತೆ ಮುಂತಾದ ಸೌಲಭ್ಯಗಳನ್ನು ಲೆಕ್ಕಕ್ಕೆ ಹಿಡಿಯಲಾಯಿತು, ಕೆಲಸ ಮಾಡದ ವರ್ಷಗಳ ಹಿಂಬಾಕಿ ವೇತನ ಮಾತ್ರ ಸಿಗಲಿಲ್ಲ.